52 ಕಿಲೋ ತೂಕಕ್ಕೆ ಮಣಿಯದ ಸ್ಪ್ರಿಂಗ್: ಶಿರಸಿಯ ಒಂದು ಸೈಕಲ್‌ಗೆ ಫೋರ್ಕ್ ಹುಡುಕಿದ ಪ್ರಕರಣ

ಹಿಂದಿನ ವರ್ಷದ ನವೆಂಬರಿನ ಒಂದು ಭಾನುವಾರ ಮಗಳು ಸಹಸ್ರಲಿಂಗದ ಕಡೆಯಿಂದ ಮರಳಿ ಬಂದವಳೇ ಸೈಕಲ್ಲನ್ನು ದಣಪೆಗೆ ಒರಗಿಸಿ, ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ತಣ್ಣೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು ಕುಳಿತಳು. ಮರುದಿನ ಕಾಲೇಜಿನಲ್ಲಿ ಪೆನ್ನು ಹಿಡಿದು ಬರೆಯಲು ಕಷ್ಟವಾಯಿತು. ಅದು ಮೊದಲನೆಯ ಸಲವೂ ಆಗಿರಲಿಲ್ಲ. ಡಾಂಬರು ರಸ್ತೆಯಲ್ಲಿ ಎಷ್ಟು ದೂರ ಹೋದರೂ ಏನೂ ಆಗುತ್ತಿರಲಿಲ್ಲ. ಬೆಟ್ಟದ ದಾರಿ ಹಿಡಿದು, ಜಂಬಿಟ್ಟಿಗೆಯ ಇಳಿಜಾರಿನಲ್ಲಿ ಇಳಿದ ದಿನ ಮಾತ್ರ ಮಣಿಕಟ್ಟು ನೋಯುತ್ತಿತ್ತು.

ನಮ್ಮ ಸೀಮೆಯ ಆ ದಾರಿಗಳನ್ನು ನೋಡದವರಿಗಾಗಿ ಒಂದು ಮಾತು. ಸೊಪ್ಪಿನ ಬೆಟ್ಟಗಳ ನಡುವಿನ ಕಚ್ಚಾ ದಾರಿಯಲ್ಲಿ ಮಳೆಗಾಲದ ನೀರು ಮೇಲ್ಮಣ್ಣನ್ನು ತೊಳೆದುಕೊಂಡು ಹೋದ ಮೇಲೆ ಉಳಿಯುವುದು ಗಟ್ಟಿಯಾದ ಕೆಂಪು ಲ್ಯಾಟರೈಟ್ ಕಲ್ಲು. ಅದು ನುಣುಪಾದ ಬಂಡೆಯಲ್ಲ. ಮುಷ್ಟಿಯಷ್ಟು ಎತ್ತರದ ಏಣುಗಳು ಒಂದರ ಹಿಂದೆ ಒಂದು ಬರುತ್ತವೆ. ಚಕ್ರಕ್ಕೆ ಒಂದು ದೊಡ್ಡ ಪೆಟ್ಟು ಬೀಳುವುದಕ್ಕಿಂತ ನೂರಾರು ಸಣ್ಣ ಪೆಟ್ಟುಗಳು ಬಿಡುವಿಲ್ಲದೆ ಬೀಳುತ್ತವೆ. ಮುಂಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿದು, ಪೆಟ್ಟು ಬಿದ್ದಾಗ ಕುಗ್ಗುವ ಫೋರ್ಕ್ ಕೆಲಸ ಮಾಡಬೇಕಾದದ್ದು ಅಲ್ಲಿ.

ಸೈಕಲ್ ಮೂರು ವರ್ಷ ಹಳೆಯದು, ಆಗ 27,000 ರೂಪಾಯಿ ಕೊಟ್ಟು ತಂದದ್ದು. ಅಲ್ಯೂಮಿನಿಯಂ ಚೌಕಟ್ಟು, ಹಿಂದೆ ಸಸ್ಪೆನ್ಷನ್ ಇಲ್ಲ, 27.5 ಇಂಚಿನ ಚಕ್ರ, 2.1 ಇಂಚಿನ ಟೈರ್, ಕೇಬಲ್ಲಿನಿಂದ ಎಳೆಯುವ ಡಿಸ್ಕ್ ಬ್ರೇಕ್. ಮುಂದಿನ ಫೋರ್ಕಿನ ಮೇಲೆ 100 ಮಿಲಿಮೀಟರ್ ಎಂದು, ಅಂದರೆ ಅಷ್ಟು ಕುಗ್ಗಬಲ್ಲದು ಎಂದು, ಅಂಟಿಸಿದ್ದರು. ಒಳಗೆ ಉಕ್ಕಿನ ಸುರುಳಿ ಸ್ಪ್ರಿಂಗ್. ಸವಾರಳ ತೂಕ 52 ಕಿಲೋ. ಈ ಕೊನೆಯ ಅಂಕಿಯೇ ಇಡೀ ಪ್ರಕರಣದ ಮೂಲ ಎಂಬುದು ನನಗೆ ಹೊಳೆಯಲು ಎರಡು ವಾರ ಹಿಡಿಯಿತು.

ಅದಕ್ಕೆ ನೆರವಾದದ್ದು ಒಂದು ರೂಪಾಯಿಯ ಪ್ಲಾಸ್ಟಿಕ್ ಪಟ್ಟಿ, ವೈರುಗಳನ್ನು ಕಟ್ಟಲು ಬಳಸುವ ಝಿಪ್ ಟೈ. ಫೋರ್ಕಿನಲ್ಲಿ ಮೇಲೆ ಕೆಳಗೆ ಜಾರುವ ಹೊಳೆಯುವ ಕೊಳವೆಯನ್ನು ಸ್ಟ್ಯಾಂಚನ್ ಎನ್ನುತ್ತಾರೆ. ಅದರ ಸುತ್ತ ಪಟ್ಟಿಯನ್ನು ಸಡಿಲವಾಗಿ ಬಿಗಿದು ಧೂಳಿನ ಸೀಲಿನ ಮೇಲೆ ಕೂರಿಸಿದರೆ, ಫೋರ್ಕ್ ಕುಗ್ಗಿದಾಗ ಪಟ್ಟಿ ಮೇಲಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ. ಸವಾರಿ ಮುಗಿದ ಮೇಲೆ ಸೀಲಿನಿಂದ ಪಟ್ಟಿಯವರೆಗೆ ಅಳೆದರೆ ಫೋರ್ಕ್ ಅತಿ ಹೆಚ್ಚೆಂದರೆ ಎಷ್ಟು ಕುಗ್ಗಿತ್ತು ಎಂಬ ಲೆಕ್ಕ ಕೈಗೆ ಸಿಗುತ್ತದೆ. ಮಗಳು ಅದೇ ಇಳಿಜಾರನ್ನು ಮೂರು ಸಲ ಇಳಿದಳು. 44, 46, 46 ಮಿಲಿಮೀಟರ್. ನೂರು ಎಂದು ಬರೆದ ಫೋರ್ಕಿನಲ್ಲಿ ಅವಳಿಗೆ ದಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಸುಮ್ಮನೆ ಪೆಡಲಿನ ಮೇಲೆ ನಿಂತಾಗ ಫೋರ್ಕ್ ತಗ್ಗಿದ್ದು 6 ಮಿಲಿಮೀಟರ್ ಮಾತ್ರ. ಅದೇ ಸೈಕಲ್ಲನ್ನು ಅದೇ ಇಳಿಜಾರಿನಲ್ಲಿ 78 ಕಿಲೋ ತೂಗುವ ನನ್ನ ತಮ್ಮ ಓಡಿಸಿದಾಗ ಪಟ್ಟಿ 83ಕ್ಕೆ ಹೋಗಿ ನಿಂತಿತ್ತು. ಅವನಿಗೆ ಫೋರ್ಕಿನ ಬಗ್ಗೆ ಯಾವ ದೂರೂ ಇರಲಿಲ್ಲ.

ಕಾರಣ ಸರಳ. ಉಕ್ಕಿನ ಸ್ಪ್ರಿಂಗಿನ ಗಡಸುತನ ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತದೆ. ಅಗ್ಗದ ಫೋರ್ಕಿನಲ್ಲಿ ಒಂದೇ ಸ್ಪ್ರಿಂಗ್ ಎಲ್ಲರಿಗೂ ಆಗಬೇಕು, ಹಾಗಾಗಿ ಅದನ್ನು ಮಧ್ಯಮ ತೂಕದ ಗಂಡಾಳಿಗೆ ಹೊಂದುವಂತೆ ಇಡುತ್ತಾರೆ. ಹಗುರ ಮೈಯ ಹೆಂಗಸರು, ಬೆಳೆಯುವ ಹುಡುಗರು ಅದರ ಮೇಲೆ ಕುಳಿತರೆ ಕಲ್ಲಿನ ಏಣು ಸ್ಪ್ರಿಂಗನ್ನು ಒತ್ತುವ ಮೊದಲೇ ಕೈಯನ್ನು ಒತ್ತುತ್ತದೆ. ಫೋರ್ಕಿನ ತಲೆಯ ಮೇಲೆ ಕೂಡಿಸುವ ಗುರುತು, ಕಳೆಯುವ ಗುರುತು ಇರುವ ತಿರುಗಣಿ ಇದೆಯಲ್ಲ ಎಂದು ಹಲವರು ಕೇಳಿದರು. ಅದು ಪ್ರೀಲೋಡ್. ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿ ಇಟ್ಟಿರಬೇಕು ಎಂಬುದನ್ನು ಮಾತ್ರ ಅದು ಬದಲಿಸುತ್ತದೆ, ಸ್ಪ್ರಿಂಗಿನ ಗಡಸುತನವನ್ನಲ್ಲ. ನಮ್ಮದು ಮೊದಲ ದಿನದಿಂದಲೂ ಪೂರ್ತಿ ಸಡಿಲವಾಗಿಯೇ ಇತ್ತು.

ಎರಡನೆಯ ದೋಷ ಇನ್ನೂ ಕೆಟ್ಟದ್ದು. ಹ್ಯಾಂಡಲ್ಲನ್ನು ಬಲವಾಗಿ ಒತ್ತಿ ಥಟ್ಟನೆ ಬಿಟ್ಟರೆ ಮುಂದಿನ ಚಕ್ರ ನೆಲ ಬಿಟ್ಟು ಹಾರುತ್ತಿತ್ತು. ಸ್ಪ್ರಿಂಗ್ ಪೆಟ್ಟನ್ನು ತಿನ್ನುವುದಿಲ್ಲ, ಸಾಲವಾಗಿ ಪಡೆದು ಕೂಡಲೇ ಹಿಂತಿರುಗಿಸುತ್ತದೆ. ಆ ಹಿಂತಿರುಗುವಿಕೆಯನ್ನು ನಿಧಾನಗೊಳಿಸಲು ಎಣ್ಣೆಯನ್ನು ಸಣ್ಣ ರಂಧ್ರದ ಮೂಲಕ ಹಾಯಿಸುವ ಡ್ಯಾಂಪರ್ ಬೇಕು. ಅದನ್ನು ಹೊಂದಿಸಿಕೊಳ್ಳುವ ತಿರುಗಣಿಗೆ ರೀಬೌಂಡ್ ಎಂದು ಹೆಸರು. ನಮ್ಮ ಫೋರ್ಕಿನಲ್ಲಿ ಅದು ಇರಲೇ ಇಲ್ಲ. ಸಾಲುಸಾಲು ಏಣುಗಳ ಮೇಲೆ ಚಕ್ರ ಕುಪ್ಪಳಿಸುತ್ತಿದ್ದರೆ ಬ್ರೇಕ್ ಹಿಡಿದು ಏನು ಪ್ರಯೋಜನ? ನೆಲ ಮುಟ್ಟದ ಚಕ್ರಕ್ಕೆ ಬ್ರೇಕ್ ಇಲ್ಲ, ತಿರುವೂ ಇಲ್ಲ. ಮಣಿಕಟ್ಟಿನ ನೋವಿಗಿಂತ ನನ್ನನ್ನು ಹೆದರಿಸಿದ್ದು ಇದು.

ಕೊಳ್ಳುವ ಮೊದಲು ಮಾಡಿದ್ದು

ಹಣ ಖರ್ಚು ಮಾಡುವ ಮೊದಲು ಖರ್ಚಿಲ್ಲದ ಎರಡು ಕೆಲಸಗಳಿದ್ದವು. ಮೊದಲನೆಯದು ಟೈರಿನ ಗಾಳಿ. ಊರಿನ ಪಂಪಿನಲ್ಲಿ ಕಲ್ಲಿನಂತೆ ಗಟ್ಟಿಯಾಗುವವರೆಗೆ ತುಂಬಿಸುವುದು ಎಲ್ಲರ ರೂಢಿ. ಅಳೆದಾಗ 45 ಪಿಎಸ್‌ಐ ಇತ್ತು. 52 ಕಿಲೋ ಸವಾರಳ 2.1 ಇಂಚಿನ ಟೈರಿಗೆ ಅಷ್ಟು ಬೇಡವೇ ಬೇಡ. ಇಳಿಸುತ್ತಾ ಇಳಿಸುತ್ತಾ 22ಕ್ಕೆ ಬಂದಾಗ ಒಂದು ಚೂಪು ಕಲ್ಲಿಗೆ ರಿಮ್ ತಾಗಿ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬಿತ್ತು. 26ಕ್ಕೆ ನಿಲ್ಲಿಸಿದೆವು. ಆ ಒಂದು ಬದಲಾವಣೆಯಿಂದಲೇ ಸಣ್ಣ ನಡುಕ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಟೈರ್ ಎಂಬುದು ಪ್ರತಿಯೊಂದು ಸೈಕಲ್ಲಿನ ಮೊದಲ ಸಸ್ಪೆನ್ಷನ್. ಅದನ್ನು ಸರಿಪಡಿಸದೆ ಫೋರ್ಕ್ ಕೊಳ್ಳಲು ಹೊರಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎರಡನೆಯದು ಹಳೆಯ ಫೋರ್ಕನ್ನು ಬಿಚ್ಚಿ ನೋಡುವುದು. ಅಡಿಕೆ ತೋಟದವರ ಕೈಗೆ ಇದು ಹೊಸ ವಿದ್ಯೆಯಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ವಾಷರ್ ಪ್ರತಿ ವರ್ಷ ಬದಲಿಸುತ್ತೇವೆ. ಕೆಳಗಿನ ಎರಡು ಬೋಲ್ಟುಗಳನ್ನು ತೆಗೆದು, ಮರದ ಕೊಡತಿಯಿಂದ ಮೆಲ್ಲನೆ ತಟ್ಟಿದಾಗ ಕೆಳಭಾಗ ಜಾರಿ ಬಂತು. ಎಡಗಾಲಿನಲ್ಲಿ ಸ್ಪ್ರಿಂಗ್, ಅದರ ನಡುವೆ ರಬ್ಬರಿನಂತಹ ಒಂದು ಕಡ್ಡಿ. ಬಲಗಾಲಿನಲ್ಲಿ ಲಾಕ್‌ಔಟಿನ, ಅಂದರೆ ಫೋರ್ಕ್ ಕುಗ್ಗದಂತೆ ತಡೆಯುವ, ಪ್ಲಾಸ್ಟಿಕ್ ಸಾಧನ ಬಿಟ್ಟರೆ ಬೇರೇನಿಲ್ಲ, ಎಣ್ಣೆಯ ಹನಿಯೂ ಇಲ್ಲ. ಗ್ರೀಸು ಕೆಮ್ಮಣ್ಣಿನೊಡನೆ ಕಲೆತು ಇಟ್ಟಿಗೆಯ ಹಸಿ ಹದಕ್ಕೆ ಬಂದಿತ್ತು. ಸ್ಟ್ಯಾಂಚನ್‌ನ ಕ್ರೋಮ್ ಲೇಪನ ಎರಡು ಕಡೆ ಎದ್ದು ತುಕ್ಕಿನ ಚುಕ್ಕಿಗಳಾಗಿದ್ದವು. ಮಲೆನಾಡಿನ ಮಳೆಯಲ್ಲಿ ಉಕ್ಕಿನ ಸ್ಟ್ಯಾಂಚನ್‌ಗೆ ಇದೇ ಗತಿ: ತುಕ್ಕಿನ ಒಂದೊಂದು ಚುಕ್ಕಿಯೂ ಅರದಂತೆ ಸೀಲಿನ ತುಟಿಯನ್ನು ಸವೆಸುತ್ತದೆ, ಸವೆದ ತುಟಿಯಿಂದ ಇನ್ನಷ್ಟು ಕೆಸರು ಒಳಗೆ ಹೋಗುತ್ತದೆ.

ಎಲ್ಲವನ್ನೂ ತೊಳೆದು, ಒಣಗಿಸಿ, ಒಳ್ಳೆಯ ಗ್ರೀಸು ಹಚ್ಚಿ ಜೋಡಿಸಿದೆ. ಪಟ್ಟಿ 46ರಿಂದ 57ಕ್ಕೆ ಏರಿತು. ಕೇವಲ ಜಿಡ್ಡು ತೆಗೆದದ್ದಕ್ಕೆ 11 ಮಿಲಿಮೀಟರ್! ಆದರೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದರೆ ಲಟಪಟ ಸದ್ದು ಉಳಿದೇ ಇತ್ತು. ಈ ಸದ್ದು ಹ್ಯಾಂಡಲ್ ತಿರುಗಲು ಚೌಕಟ್ಟಿನ ಕುತ್ತಿಗೆಯಲ್ಲಿರುವ ಹೆಡ್‌ಸೆಟ್ಟಿನ ಬೇರಿಂಗಿನದೋ, ಸ್ಟ್ಯಾಂಚನ್ ಜಾರುವ ಒಳಬಳೆಯಾದ ಫೋರ್ಕಿನ ಬುಶ್ಶಿನದೋ ಎಂದು ತಿಳಿಯಲು ಬೆರಳಿಟ್ಟು ನೋಡಬೇಕು. ಚೌಕಟ್ಟಿನ ಕುತ್ತಿಗೆಯ ಕೆಳಗಿನ ಕಪ್ಪಿನ ಬಳಿ ಅಲುಗಾಟ ಸಿಕ್ಕರೆ ಹೆಡ್‌ಸೆಟ್ ಬಿಗಿ ಮಾಡಿದರೆ ಸಾಕು. ಸೀಲಿನ ಬಳಿ ಸಿಕ್ಕರೆ ಬುಶ್ ಸವೆದಿದೆ. ನಮ್ಮದು ಸೀಲಿನ ಬಳಿ. ಆ ದರ್ಜೆಯ ಫೋರ್ಕಿಗೆ ಬುಶ್ ಬಿಡಿಯಾಗಿ ನಮಗೆ ಎಲ್ಲೂ ಸಿಗಲಿಲ್ಲ. ರೀಬೌಂಡ್ ಇಲ್ಲ, ಬುಶ್ ಸವೆದಿದೆ, ಸ್ಪ್ರಿಂಗ್ ಹೊಂದುವುದಿಲ್ಲ. ಆಗ ಬದಲಿಸುವ ತೀರ್ಮಾನ ಮಾಡಿದೆವು. ಮಿತಿ 15,000 ರೂಪಾಯಿ, ಅದರಲ್ಲಿ ಅರ್ಧ ಮಗಳು ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟದ್ದು.

ಚೌಕಟ್ಟು ಹಾಕಿದ ಷರತ್ತು

ಹುಬ್ಬಳ್ಳಿಯ ಒಂದು ಅಂಗಡಿಯವರು ‘27.5ರ ಚಕ್ರ ತಾನೆ, ಯಾವ ಫೋರ್ಕಾದರೂ ಕೂರುತ್ತದೆ’ ಎಂದು ಫೋನಿನಲ್ಲೇ ಹೇಳಿ, ಮುಂಗಡ ಕಳುಹಿಸಲು ಸೂಚಿಸಿದರು. ಕಳುಹಿಸದೆ ಉಳಿದದ್ದು ನಮ್ಮ ಪುಣ್ಯ. ಚಕ್ರದ ಅಳತೆ ಹಲವು ಷರತ್ತುಗಳಲ್ಲಿ ಒಂದು ಮಾತ್ರ.

ಎಲ್ಲಕ್ಕಿಂತ ಕಠಿಣವಾದದ್ದು ಚೌಕಟ್ಟಿನ ಕುತ್ತಿಗೆ, ಅಂದರೆ ಹೆಡ್ ಟ್ಯೂಬ್. ಫೋರ್ಕಿನಿಂದ ಮೇಲಕ್ಕೆ ಹೋಗಿ ಹ್ಯಾಂಡಲ್ಲನ್ನು ಹಿಡಿಯುವ ಸ್ಟೀರರ್ ಕೊಳವೆಯಲ್ಲಿ ಈಗ ಎರಡು ಜಾತಿಗಳಿವೆ. ಹಳೆಯದು ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪ, ಒಂದೂ ಅರೆಕಾಲು (1⅛) ಇಂಚು, ಅಂದರೆ 28.6 ಮಿಲಿಮೀಟರ್. ಹೊಸದು ಮೇಲೆ ಅಷ್ಟೇ ಇದ್ದು ಕೆಳಗೆ ಒಂದೂವರೆ ಇಂಚಿಗೆ ಹಿಗ್ಗುವ ಟೇಪರ್ ಕೊಳವೆ. ಈಗ ಬರುವ ಒಳ್ಳೆಯ ಫೋರ್ಕುಗಳಲ್ಲಿ ಬಹುಪಾಲು ಟೇಪರ್. ಹೆಡ್‌ಸೆಟ್ಟಿನ ಕಪ್ ತೆಗೆಸಿ ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದಾಗ ನಮ್ಮ ಕುತ್ತಿಗೆಯ ಒಳವ್ಯಾಸ 34 ಮಿಲಿಮೀಟರ್. ಅದರಲ್ಲಿ ಟೇಪರ್ ಕೊಳವೆ ಯಾವ ಉಪಾಯದಿಂದಲೂ ಕೂರುವುದಿಲ್ಲ. ಹೊರಗಿನಿಂದ ನೇರವಾಗಿ ಕಾಣುವ ಕೆಲವು ಕುತ್ತಿಗೆಗಳು ಒಳಗೆ 44 ಮಿಲಿಮೀಟರ್ ಇರುತ್ತವೆ. ಅಂಥವಕ್ಕೆ ಕೆಳಗಡೆ ಹೊರಕಪ್ ಹಾಕಿ ಟೇಪರ್ ಫೋರ್ಕ್ ಕೂರಿಸಬಹುದು. ಆದ್ದರಿಂದ ಕಣ್ಣಳತೆಗೆ ಬಿಡದೆ ಅಳೆಯಲೇಬೇಕು.

ಎರಡನೆಯದು ಅಚ್ಚು. ನಮ್ಮ ಮುಂಚಕ್ರದ ನಡುವಿನ ಹಬ್ 9 ಮಿಲಿಮೀಟರಿನ, ಪಾನಾ ಇಲ್ಲದೆ ಬಿಚ್ಚುವ ಕ್ವಿಕ್ ರಿಲೀಸ್, ಅಗಲ 100 ಮಿಲಿಮೀಟರ್. ತುಸು ಮೇಲಿನ ದರ್ಜೆಯ ಫೋರ್ಕುಗಳಿಗೆ 15 ಮಿಲಿಮೀಟರಿನ ಅಚ್ಚು ಬೇಕು, ಅವುಗಳಲ್ಲಿ ಬೂಸ್ಟ್ ಎನ್ನುವವಕ್ಕೆ ಅಗಲ 110. ಆ ಫೋರ್ಕ್ ಕೊಂಡರೆ ಹಬ್ಬೂ ಬೇಕು, ಹಬ್ಬು ಬದಲಿಸಿದರೆ ಕಡ್ಡಿಗಳೂ ಬೇಕು, ಚಕ್ರ ಕಟ್ಟುವ ಕೂಲಿಯೂ ಬೇಕು. ಅಗ್ಗದ ಫೋರ್ಕ್ ದುಬಾರಿಯಾಗುವುದು ಹೀಗೆ.

ಮೂರನೆಯದು ಉದ್ದ. ಸ್ಟೀರರ್ ಕೊಳವೆಯನ್ನು ಕತ್ತರಿಸಬಹುದು, ಬೆಳೆಸಲಾಗುವುದಿಲ್ಲ. ಕುತ್ತಿಗೆ 120, ಹೆಡ್‌ಸೆಟ್ಟಿನ ಮೇಲಿನ ಕೆಳಗಿನ ಎತ್ತರ ಸೇರಿ 25, ಹ್ಯಾಂಡಲ್ಲನ್ನು ಸ್ಟೀರರಿಗೆ ಬಿಗಿಯುವ ಸ್ಟೆಮ್ 40. ಒಟ್ಟು 185 ಮಿಲಿಮೀಟರ್, ಹ್ಯಾಂಡಲ್ ತುಸು ಎತ್ತರವಿರಲು ಸ್ಪೇಸರ್ ಎಂಬ ಉಂಗುರಕ್ಕೆ ಇನ್ನೊಂದು 10. ಹೊಸ ಫೋರ್ಕಿಗೆ ಇದರ ಚಿಂತೆಯಿಲ್ಲ. ಯಾರೋ ತಮ್ಮ ಅಳತೆಗೆ ಕತ್ತರಿಸಿ ಬಳಸಿದ ಫೋರ್ಕಿಗೆ ಇದೇ ಮೊದಲ ಪ್ರಶ್ನೆ.

ಇನ್ನು ಬ್ರೇಕ್. ಹಳೆಯದರಲ್ಲಿ ಐಎಸ್ ಎಂಬ ಜೋಡಣೆ, ಹೊಸ ಫೋರ್ಕುಗಳಲ್ಲಿ ಪೋಸ್ಟ್ ಮೌಂಟ್. ನಮ್ಮದು 160 ಮಿಲಿಮೀಟರಿನ ಡಿಸ್ಕ್ ಆದ್ದರಿಂದ ನಡುವಿನ ಅಡಾಪ್ಟರ್ ತೆಗೆದರೆ ಡಿಸ್ಕನ್ನು ಹಿಡಿಯುವ ಬ್ರೇಕಿನ ಕ್ಯಾಲಿಪರ್ ನೇರವಾಗಿ ಕೂರುತ್ತದೆ. ರಿಮ್ ಹಿಡಿಯುವ ಹಳೆಯ ಬ್ರೇಕ್ ಇರುವವರು ಎಚ್ಚರದಿಂದಿರಬೇಕು, ಈಗಿನ ಗಾಳಿ ಫೋರ್ಕುಗಳಲ್ಲಿ ಹೆಚ್ಚಿನವಕ್ಕೆ ಆ ಬ್ರೇಕನ್ನು ಕೂರಿಸುವ ಗೂಟಗಳೇ ಇರುವುದಿಲ್ಲ.

ಮುಂದಿದ್ದ ಆಯ್ಕೆಗಳು

ಮೊದಲ ಆಯ್ಕೆ ಸಸ್ಪೆನ್ಷನ್ನೇ ಇಲ್ಲದ ಗಟ್ಟಿ ಫೋರ್ಕ್. ನಾಲ್ಕು ಸಾವಿರ ರೂಪಾಯಿಯ ಆಸುಪಾಸು, ಭಾರ ಒಂದೂವರೆ ಕಿಲೋ ಇಳಿಯುತ್ತದೆ, ಕೆಡಲು ಒಳಗೆ ಏನೂ ಇಲ್ಲ. ನಗರದಲ್ಲಿ, ಡಾಂಬರು ಮತ್ತು ಮಣ್ಣುರಸ್ತೆಯಲ್ಲಿ ಓಡಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಗಳ ಇಳಿಜಾರಿಗೆ ಒಗ್ಗದು ಎಂದು ಬಿಟ್ಟೆವು.

ಎರಡನೆಯದು ಇನ್ನೊಂದು ಸುರುಳಿ ಸ್ಪ್ರಿಂಗಿನ ಫೋರ್ಕ್, ಒಂದು ಮೆಟ್ಟಿಲು ಮೇಲಿನದು, ಏಳು ಸಾವಿರದ ಸುಮಾರು. ಎಣ್ಣೆಯ ಲಾಕ್‌ಔಟ್ ಇತ್ತು. ಮೃದು ಸ್ಪ್ರಿಂಗ್ ಬೇರೆಯಾಗಿ ತರಿಸಿಕೊಡುವಿರಾ ಎಂದು ಮೂರು ಕಡೆ ಕೇಳಿದೆ. ಎಲ್ಲೂ ಸಿಗಲಿಲ್ಲ. ಹಾಗಿದ್ದ ಮೇಲೆ ಅದೇ ಕಷ್ಟವನ್ನು ಹೊಸ ಬಣ್ಣದಲ್ಲಿ ಕೊಂಡಂತೆ.

ಮೂರನೆಯದು ಬಳಸಿದ ಮೇಲ್ದರ್ಜೆಯ ಫೋರ್ಕ್. ಇದರ ಮೇಲೆ ನನಗೆ ಬಹಳ ಆಸೆಯಿತ್ತು. ಬೆಂಗಳೂರಿನಲ್ಲಿ ಒಂಬತ್ತು ಸಾವಿರಕ್ಕೆ ಒಂದು ಸಿಕ್ಕಿತು, ಒಳ್ಳೆಯ ಡ್ಯಾಂಪರ್, ಗಾಳಿಯ ಸ್ಪ್ರಿಂಗ್, ನೇರ ಸ್ಟೀರರ್, 9 ಮಿಲಿಮೀಟರಿನ ಅಚ್ಚು. ಎಲ್ಲವೂ ಕೂಡಿ ಬಂದಿತ್ತು. ಸ್ಟೀರರ್ ಅಳೆದು ಹೇಳಿ ಎಂದು ಕೇಳಿದಾಗ ಬಂದ ಉತ್ತರ 170. ಹದಿನೈದು ಮಿಲಿಮೀಟರ್ ಕಡಿಮೆ. ಇನ್ನೊಂದು ಸಿಕ್ಕಿದ್ದರಲ್ಲಿ ಸೀಲಿನ ಜಾಗದಲ್ಲಿ ಸ್ಟ್ಯಾಂಚನ್‌ನ ಲೇಪನ ಸವೆದು ಬೂದುಬಣ್ಣ ಕಾಣುತ್ತಿತ್ತು. ಉಗುರಿನಿಂದ ಕೆರೆದಾಗ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಆ ಫೋರ್ಕನ್ನು ಕೊಳ್ಳಬಾರದು. ಸೀಲು, ಎಣ್ಣೆ ಬದಲಿಸಬಹುದು. ಸ್ಟ್ಯಾಂಚನ್ ಬದಲಿಸಲು ಅಗ್ಗದ ಫೋರ್ಕಿನ ಬೆಲೆಗಿಂತ ಹೆಚ್ಚು ಬೇಕಾಗುತ್ತದೆ.

ನಾಲ್ಕನೆಯದು ಹೊಸ, ಆರಂಭದ ದರ್ಜೆಯ ಗಾಳಿ ಫೋರ್ಕ್. ಉಕ್ಕಿನ ಸ್ಪ್ರಿಂಗಿನ ಬದಲು ಮುಚ್ಚಿದ ಕೋಣೆಯಲ್ಲಿ ಗಾಳಿ. ಪಂಪಿನಿಂದ ಹೆಚ್ಚು ಕಡಿಮೆ ಮಾಡಿದರೆ 52 ಕಿಲೋ ಸವಾರಳಿಗೂ ಹೊಂದುತ್ತದೆ, 90 ಕಿಲೋ ಸವಾರನಿಗೂ ಹೊಂದುತ್ತದೆ. ಈ ವರ್ಗದಲ್ಲಿ ಎರಡು ಕಂಪನಿಗಳ ಹೆಸರು ಮತ್ತೆ ಮತ್ತೆ ಬಂದವು, ತೈವಾನಿನ ಎಸ್‌ಆರ್ ಸನ್‌ಟೂರ್ ಮತ್ತು ಅಮೆರಿಕದಲ್ಲಿ ಹುಟ್ಟಿದ ರಾಕ್‌ಶಾಕ್ಸ್. ಸನ್‌ಟೂರಿನ ಎಕ್ಸ್‌ಸಿಆರ್ 32 ಏರ್‌ನಲ್ಲಿ ಸ್ಟ್ಯಾಂಚನ್ 32 ಮಿಲಿಮೀಟರ್ ದಪ್ಪ. ರಾಕ್‌ಶಾಕ್ಸಿನ ಜೂಡಿಯಲ್ಲಿ 30, ಅದರ ಮೇಲಿನ ರೆಕಾನ್‌ನಲ್ಲಿ 32. ರೆಕಾನ್ ನಮ್ಮ ಮಿತಿಯ ಹೊರಗಿತ್ತು. 52 ಕಿಲೋ ಸವಾರಳಿಗೆ 30 ಮತ್ತು 32ರ ನಡುವಿನ ಅಂತರ ದೊಡ್ಡದಲ್ಲ, ಅದಕ್ಕಾಗಿ ನಿದ್ದೆಗೆಡಬೇಕಿಲ್ಲ.

ನಿದ್ದೆಗೆಡಬೇಕಾದದ್ದು ಮಾದರಿಯ ಹೆಸರಿನ ಬಾಲದಲ್ಲಿರುವ ಅಕ್ಷರಗಳಿಗೆ. ಸನ್‌ಟೂರಿನ ಒಂದೇ ಹೆಸರಿನ ಫೋರ್ಕಿಗೆ ಹಿಂದೆ ಎಲ್‌ಒ ಎಂದಿದ್ದರೆ ಲಾಕ್‌ಔಟ್ ಮಾತ್ರ. ಎಲ್‌ಒಆರ್ ಎಂದಿದ್ದರೆ ಲಾಕ್‌ಔಟಿನ ಜೊತೆಗೆ ರೀಬೌಂಡ್ ಹೊಂದಿಸುವ ತಿರುಗಣಿಯೂ ಇರುತ್ತದೆ. ಆರ್‌ಎಲ್ ಎಂದರೆ ಹ್ಯಾಂಡಲ್ಲಿನಿಂದ ಲಾಕ್ ಮಾಡುವ ಗುಂಡಿ. ಅಂಗಡಿಯವರು ಉತ್ಸಾಹದಿಂದ ತೋರಿಸುವುದು ಈ ಗುಂಡಿಯನ್ನು. ನಮಗೆ ಬೇಕಾಗಿದ್ದುದು ಕೊನೆಯಲ್ಲಿ ಬರುವ ಆ ಒಂದು ‘ಆರ್’. ಲಾಕ್‌ಔಟ್ ಎಂದರೆ ಫೋರ್ಕ್ ಕೆಲಸ ಮಾಡದಂತೆ ತಡೆಯುವ ಸೌಕರ್ಯ. ರೀಬೌಂಡ್ ಎಂದರೆ ಫೋರ್ಕ್ ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಸೌಕರ್ಯ.

120 ಮಿಲಿಮೀಟರಿನದು ಇನ್ನೂ ಒಳ್ಳೆಯದಲ್ಲವೇ ಎಂದು ಮಗಳು ಕೇಳಿದಳು. ಫೋರ್ಕ್ 20 ಮಿಲಿಮೀಟರ್ ಉದ್ದವಾದರೆ ಸೈಕಲ್ಲಿನ ಮೂತಿ ಮೇಲೇಳುತ್ತದೆ, ಕುತ್ತಿಗೆಯ ಕೋನ ಹೆಚ್ಚು ಕಡಿಮೆ ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ, ಏರಿನಲ್ಲಿ ಮುಂಚಕ್ರ ತೇಲುತ್ತದೆ. ಅದಕ್ಕಿಂತ ಮುಖ್ಯವಾಗಿ 100ಕ್ಕೆಂದು ಬೆಸುಗೆ ಹಾಕಿದ ಅಗ್ಗದ ಚೌಕಟ್ಟಿನ ಕುತ್ತಿಗೆಯ ಮೇಲೆ ಉದ್ದ ಸನ್ನೆಕೋಲಿನ ಭಾರ ಬೀಳುತ್ತದೆ. ಬೇಡವೆಂದೆ. ಆಗ ಅವಳಿಗೆ ಒಂದು ಹಳೆಯ ಸಂಗತಿಯನ್ನೂ ಹೇಳಿದೆ. 1989ರಲ್ಲಿ ಪಾಲ್ ಟರ್ನರ್ ಆರಂಭಿಸಿದ ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕ್ ಆರ್‌ಎಸ್-1 ಕುಗ್ಗುತ್ತಿದ್ದುದು ಸುಮಾರು 50 ಮಿಲಿಮೀಟರ್. 1990ರಲ್ಲಿ ಕೊಲೊರಾಡೊದ ಡುರಾಂಗೊದಲ್ಲಿ ಮೌಂಟನ್ ಬೈಕಿನ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ಮೊದಲ ಬಾರಿಗೆ ನಡೆದಾಗ ಗ್ರೆಗ್ ಹರ್ಬೋಲ್ಡ್ ಇಳಿಜಾರಿನ ಓಟವನ್ನು ಗೆದ್ದದ್ದು ಅದೇ ಫೋರ್ಕಿನ ಮೇಲೆ. ಅದರ ಒಳಗಿದ್ದುದು ಗಾಳಿಯ ಸ್ಪ್ರಿಂಗ್ ಮತ್ತು ಎಣ್ಣೆಯ ಡ್ಯಾಂಪರ್. ವಿಶ್ವ ವಿಜೇತನ 50 ಮಿಲಿಮೀಟರ್ ನಿಜವಾದ 50. ನಮ್ಮ ಹಳೆಯ ಫೋರ್ಕಿನ ಮೇಲೆ ಅಂಟಿಸಿದ್ದ 100 ಬರಿಯ ಸ್ಟಿಕ್ಕರ್.

ಕೊಂಡದ್ದು, ಕೂರಿಸಿದ್ದು

ಎಕ್ಸ್‌ಸಿಆರ್ 32 ಏರ್, ನೇರ ಸ್ಟೀರರ್, ಕ್ವಿಕ್ ರಿಲೀಸ್, 27.5, 100 ಮಿಲಿಮೀಟರ್, ಬಾಲದಲ್ಲಿ ಎಲ್‌ಒಆರ್. 13,200 ರೂಪಾಯಿ ಬಿತ್ತು. ಫೋರ್ಕಿಗೆ ಗಾಳಿ ತುಂಬುವ ಶಾಕ್ ಪಂಪ್ 1,600, ಸ್ಟೀರರಿನ ಒಳಗೆ ಕೂರುವ ಸ್ಟಾರ್ ನಟ್ ಮತ್ತು ಸ್ಪೇಸರ್ 150, ಹಳೆಯ ಫೋರ್ಕಿನಲ್ಲಿ ಕೆಳಗಿನ ಬೇರಿಂಗ್ ಕೂರುವ ಉಂಗುರವಾದ ಕ್ರೌನ್ ರೇಸನ್ನು ಕಿತ್ತು ಹೊಸದರ ಮೇಲೆ ಕೂರಿಸಿದ ಕೂಲಿ 300, ಗ್ರೀಸು 450. ಒಟ್ಟು 15,700. ಶಾಕ್ ಪಂಪನ್ನು ಲೆಕ್ಕಕ್ಕೆ ಹಿಡಿಯದವರು ಗಾಳಿ ಫೋರ್ಕ್ ಕೊಳ್ಳಬಾರದು. ಟೈರಿನ ಪಂಪಿನಿಂದ ಈ ಕೆಲಸ ಆಗದು: ಫೋರ್ಕಿನ ಗಾಳಿಕೋಣೆ ಎಷ್ಟು ಚಿಕ್ಕದೆಂದರೆ ಒಂದು ಹೊಡೆತಕ್ಕೆ ಒತ್ತಡ ಜಿಗಿಯುತ್ತದೆ, ಕೊಳವೆ ಕೀಳುವಾಗ ಅಷ್ಟೂ ಸೋರಿ ಹೋಗುತ್ತದೆ.

ಸ್ಟೀರರ್ ಕತ್ತರಿಸುವ ಹೊತ್ತಿಗೆ ನನ್ನ ಕೈ ನಡುಗಿದ್ದು ನಿಜ. ಎಲ್ಲವನ್ನೂ ಕತ್ತರಿಸದೆಯೇ ಜೋಡಿಸಿ, ಸ್ಟೆಮ್ಮಿನ ಮೇಲ್ಮಟ್ಟಕ್ಕೆ ಗೆರೆ ಎಳೆದು, ಬಿಚ್ಚಿ, ಆ ಗೆರೆಯಿಂದ 3 ಮಿಲಿಮೀಟರ್ ಕೆಳಗೆ ಕತ್ತರಿಸಬೇಕು. ಮೇಲಿನ ಮುಚ್ಚಳ ಬೇರಿಂಗನ್ನು ಬಿಗಿಯಬೇಕಾದರೆ ಆ ಖಾಲಿ ಜಾಗ ಬೇಕು. ನಾನು ಒಂದು ಸ್ಪೇಸರನ್ನು ಹೆಚ್ಚಿಗೆ ಸೇರಿಸಿಯೇ ಗೆರೆ ಎಳೆದೆ. ಹ್ಯಾಂಡಲ್ ಎತ್ತರ ಸಾಲದೆನಿಸಿದರೆ ದಾರಿ ಇರಬೇಕು ಎಂಬುದಕ್ಕಾಗಿ. ಹಳೆಯ ಸ್ಟೆಮ್ಮನ್ನೇ ಆಸರೆಯಾಗಿ ಬಿಗಿದು, ಸಣ್ಣ ಹಲ್ಲಿನ ಹ್ಯಾಕ್ಸಾದಿಂದ ಕೊಯ್ದು, ಅಂಚನ್ನು ಅರದಿಂದ ಉಜ್ಜಿದೆ.

ಜೋಡಿಸಿದ ಮೇಲೆ ಒಂದು ಪರೀಕ್ಷೆ ತಪ್ಪಿಸಬಾರದು. ಫೋರ್ಕಿನ ಗಾಳಿಯನ್ನೆಲ್ಲ ಬಿಟ್ಟು ಕೊನೆಯವರೆಗೆ ಒತ್ತಿ, ಫೋರ್ಕಿನ ಎರಡು ಕಾಲುಗಳನ್ನು ಕೂಡಿಸುವ ಸೇತುವೆಗಾಗಲಿ ಅದರ ಮೇಲಿನ ಕ್ರೌನಿಗಾಗಲಿ ಟೈರ್ ತಾಗುತ್ತದೆಯೇ ಎಂದು ನೋಡಬೇಕು. ಓಡುವಾಗ ತಾಗಿದರೆ ಚಕ್ರ ಅಲ್ಲೇ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ನಮ್ಮದರಲ್ಲಿ ಬೆರಳಿನಷ್ಟು ಜಾಗ ಉಳಿಯಿತು. ಅಡಿಕೆ ತೂಗುವ ತಕ್ಕಡಿಯಲ್ಲಿ ಎರಡನ್ನೂ ಇಟ್ಟೆ. ಹಳೆಯದು 2.65 ಕಿಲೋ, ಹೊಸದು 2.15.

ನಂತರದ ಅರ್ಧ ದಿನ ಗಾಳಿ ಹೊಂದಿಸುವುದರಲ್ಲಿ ಹೋಯಿತು, ಮತ್ತು ಇಡೀ ಪ್ರಕರಣದ ಅತ್ಯಂತ ಫಲವತ್ತಾದ ಅರ್ಧ ದಿನ ಅದೇ. ಸವಾರ ಸುಮ್ಮನೆ ಮೇಲೆ ನಿಂತಾಗ ಫೋರ್ಕ್ ಎಷ್ಟು ತಗ್ಗುತ್ತದೆಯೋ ಅದು ಸ್ಯಾಗ್. ಇಂಥ ದಾರಿಗೆ 100ರಲ್ಲಿ 20ರಿಂದ 25 ಮಿಲಿಮೀಟರ್ ತಗ್ಗಿದರೆ ಚಕ್ರ ಏಣನ್ನು ಹತ್ತುವುದಷ್ಟೇ ಅಲ್ಲದೆ ತಗ್ಗಿಗೂ ಇಳಿದು ನೆಲವನ್ನು ಹಿಡಿದಿರುತ್ತದೆ. 50 ಪಿಎಸ್‌ಐನಲ್ಲಿ ಆರಂಭಿಸಿದೆವು, ಸ್ಯಾಗ್ 16. ನಾಲ್ಕು ನಾಲ್ಕಾಗಿ ಇಳಿಸಿ 42ಕ್ಕೆ ಬಂದಾಗ 23 ಆಯಿತು. ಇಲ್ಲೊಂದು ಭ್ರಮೆಯಿದೆ: ಪಂಪ್ ತೆಗೆದು ಮತ್ತೆ ಚುಚ್ಚಿದರೆ ಮಾಪಕದಲ್ಲಿ ಒತ್ತಡ ಕಡಿಮೆ ತೋರಿಸುತ್ತದೆ. ಫೋರ್ಕ್ ಸೋರಿದ್ದಲ್ಲ, ಪಂಪಿನ ಕೊಳವೆಯನ್ನು ತುಂಬಲು ಹೋದ ಗಾಳಿ ಅದು. ಮೊದಲ ವಾರ ಇದನ್ನು ತಿಳಿಯದೆ ದಿನವೂ ಅಳೆದು ದಿನವೂ ಗಾಬರಿಯಾದೆವು.

ರೀಬೌಂಡನ್ನು ಪೂರ್ತಿ ಸಡಿಲಿಸಿ, ಒತ್ತಿ ಬಿಟ್ಟಾಗ ಚಕ್ರ ನೆಲ ಬಿಡದಷ್ಟು ಮಾತ್ರ ಬಿಗಿ ಮಾಡಿದೆವು. ಹಗುರ ಸವಾರರಿಗೆ ಗಾಳಿ ಕಡಿಮೆ, ಆದ್ದರಿಂದ ಹಿಂತಿರುಗುವ ಬಲವೂ ಕಡಿಮೆ. ಅತಿಯಾಗಿ ಬಿಗಿದರೆ ಒಂದು ಏಣಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಫೋರ್ಕ್ ಕೆಳಗೇ ಕುಸಿದಿರುತ್ತದೆ.

ಫೆಬ್ರವರಿಯಲ್ಲಿ ಅದೇ ಇಳಿಜಾರಿನಲ್ಲಿ ಪಟ್ಟಿ 88ಕ್ಕೆ ಹೋಗಿತ್ತು. ಮಗಳು ಬಕೆಟ್ ಕೇಳಲಿಲ್ಲ. ಕೈಗಿಂತ ಹೆಚ್ಚಾಗಿ ಅವಳು ಮಾತನಾಡಿದ್ದು ಬ್ರೇಕಿನ ಬಗ್ಗೆ: ಹಳ್ಳದ ಕಾಲುಸಂಕದ ಮುಂಚಿನ ತಿರುವಿನಲ್ಲಿ ಹಿಡಿದ ಕಡೆ ನಿಲ್ಲುತ್ತದೆ ಎಂದು. ಬ್ರೇಕನ್ನು ನಾವು ಬದಲಿಸಿಯೇ ಇರಲಿಲ್ಲ. ಎಲ್ಲವೂ ಸರಿಹೋಯಿತೆಂದಲ್ಲ. ಒಂದೂವರೆ ಗಂಟೆಗಿಂತ ಹೆಚ್ಚು ಇಳಿಜಾರು ಓಡಿದರೆ ಈಗಲೂ ಬಲಗೈ ಜೋಮು ಹಿಡಿಯುತ್ತದೆ. ಬ್ರೇಕಿನ ಹಿಡಿ ಅವಳ ಬೆರಳಿಗೆ ದೂರವಾಗಿದೆ, ಅದನ್ನು ಹತ್ತಿರಕ್ಕೆ ತರುವ ಸಣ್ಣ ತಿರುಪನ್ನು ಮೊನ್ನೆ ತಿರುಗಿಸಿದ್ದೇವೆ.

ಮಳೆಗಾಲ ನನ್ನ ನಿಜವಾದ ಚಿಂತೆಯಾಗಿತ್ತು. ಪ್ರತಿ ಸವಾರಿಯ ನಂತರ ಸ್ಟ್ಯಾಂಚನ್ ಒರೆಸುವುದು, ನೀರನ್ನು ರಭಸದಿಂದ ಸೀಲಿಗೆ ಹಾಯಿಸದಿರುವುದು, 50 ಗಂಟೆಗೊಮ್ಮೆ ಬಿಚ್ಚುವುದು ಎಂದು ನಿಯಮ ಮಾಡಿಕೊಂಡೆವು. ಈ ಫೋರ್ಕನ್ನು ಆರಿಸಲು ನನಗಿದ್ದ ಇನ್ನೊಂದು ಕಾರಣ ಇದೇ: ಡ್ಯಾಂಪರ್ ಒಂದೇ ತುಂಡಿನ ಕಾರ್ಟ್ರಿಡ್ಜ್ ಆಗಿ ಹೊರಬರುತ್ತದೆ, ಕೆಳಭಾಗ ಸಾಮಾನ್ಯ ಪಾನಾಗಳಿಗೆ ಬಿಚ್ಚಿಕೊಳ್ಳುತ್ತದೆ. ಶಿರಸಿಯಿಂದ ಬೆಂಗಳೂರಿಗೆ ಫೋರ್ಕನ್ನು ಬಸ್ಸಿಗೆ ಹಾಕಿ ಕಳುಹಿಸಿ ಹದಿನೈದು ದಿನ ಕಾಯುವ ಅಗತ್ಯ ಬೀಳುವುದಿಲ್ಲ.

ಜುಲೈಯಲ್ಲಿ ಬಿಚ್ಚಿದಾಗ ಎಡ ಸೀಲಿನ ಕೆಳಗೆ ಕೆಂಪು ಕೆಸರಿನ ತೆಳುವಾದ ಉಂಗುರ ಕಂಡಿತು. ಒರೆಸಿ, ಗ್ರೀಸು ತುಂಬಿದೆವು. ಅಕ್ಟೋಬರಿನಲ್ಲಿ ಎರಡನೆಯ ಸಲ ಬಿಚ್ಚಿದವಳು ಮಗಳೇ, ನಾನು ಟಾರ್ಚ್ ಹಿಡಿದಿದ್ದೆ. ಗ್ರೀಸು ಬೂದುಬಣ್ಣಕ್ಕೆ ತಿರುಗಿತ್ತು, ಕೆಂಪಾಗಿರಲಿಲ್ಲ. ಸ್ಟ್ಯಾಂಚನ್ ಮೇಲೆ ಉಗುರು ಎಳೆದು ನೋಡಿದಳು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಜೋಡಿಸಿ, 42ಕ್ಕೆ ಗಾಳಿ ತುಂಬಿ, ಪಟ್ಟಿಯನ್ನು ಸೀಲಿನ ಮೇಲೆ ಇಳಿಸಿಟ್ಟು, ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಬರೆದಳು.